ಊಹೆ ಬೇಡ, ತರ್ಕ ಸಾಕು

ಮಕ್ಕಳೇ, ಚೌಕಾಬಾರ ಆಡಲು ಜೊತೆಗಾರರು ಬೇಕು, ಕವಡೆಯೂ ಬೇಕು. ಕವಡೆ ಬಿದ್ದಂತೆ ಕಾಯಿ ನಡೆಯುತ್ತದೆ. ಆದರೆ ಒಬ್ಬರೇ ಕುಳಿತು ಆಡುವ, ಅದೃಷ್ಟವನ್ನು ನಂಬಬೇಕಾಗಿಲ್ಲದ ಆಟಗಳೂ ಇವೆ. ಇಂಗ್ಲೆಂಡಿನ ಸೈಮನ್ ಟೇಥಮ್ ಎಂಬ ಪ್ರೋಗ್ರಾಮರ್ ಇಂತಹ ಪುಟ್ಟ ಆಟಗಳನ್ನು ಕಂಪ್ಯೂಟರಿಗಾಗಿ ಬರೆದು, 2004ರಿಂದ ಒಂದೆಡೆ ಕೂಡಿಡುತ್ತ ಬಂದಿದ್ದಾರೆ. ಕೆಲವನ್ನು ಬೇರೆಯವರೂ ಬರೆದುಕೊಟ್ಟಿದ್ದಾರೆ. ಈಗ ಅದರಲ್ಲಿ ಸುಮಾರು 40 ಆಟಗಳಿವೆ. ಇವಕ್ಕೆ ಹಣ ಕೊಡಬೇಕಿಲ್ಲ. ನಕಲು ಮಾಡಿ ಗೆಳೆಯರಿಗೆ ಹಂಚಿದರೂ ತಪ್ಪಿಲ್ಲ. ಪತ್ರಿಕೆಗಳಲ್ಲಿ ನೀವು ನೋಡಿರುವ ಸುಡೊಕು ಕೂಡ ಈ ಗುಂಪಿನಲ್ಲಿದೆ.

ನಿಮ್ಮ ಶಾಲೆಯಲ್ಲಿ ಕಂಪ್ಯೂಟರ್ ಇಲ್ಲವೇ? ಚಿಂತೆಯಿಲ್ಲ. ಲೆಕ್ಕದ ಚೌಕಳಿ ಪುಸ್ತಕ, ಪೆನ್ಸಿಲ್, ರಬ್ಬರ್ ಇದ್ದರೆ ಸಾಕು. ಬನ್ನಿ, ಒಂದು ಆಟವನ್ನು ಪೂರ್ತಿಯಾಗಿ ಆಡಿಯೇ ನೋಡೋಣ.

ಮರ ಮತ್ತು ಡೇರೆ

ಕೆಳಗಿನ ಚೌಕದಲ್ಲಿ 25 ಮನೆಗಳಿವೆ. 'ಮ' ಎಂದರೆ ಮರ. ಪ್ರತಿ ಮರಕ್ಕೂ ಒಂದೊಂದು ಡೇರೆ ಹಾಕಬೇಕು. ಡೇರೆಯು ತನ್ನ ಮರದ ಮೇಲೆ, ಕೆಳಗೆ, ಎಡಕ್ಕೆ ಅಥವಾ ಬಲಕ್ಕೆ ಅಂಟಿಕೊಂಡ ಮನೆಯಲ್ಲೇ ಇರಬೇಕು. ಎರಡು ಡೇರೆಗಳು ಒಂದಕ್ಕೊಂದು ತಾಗಬಾರದು, ಮೂಲೆಯಿಂದ ಮೂಲೆಗೂ ತಾಗಬಾರದು. ಬಲತುದಿಯ ಅಂಕಿ ಆ ಅಡ್ಡಸಾಲಿನಲ್ಲಿ ಎಷ್ಟು ಡೇರೆಗಳಿವೆ ಎಂದು ಹೇಳುತ್ತದೆ. ಕೆಳತುದಿಯ ಅಂಕಿ ಕಂಬಸಾಲಿನ ಲೆಕ್ಕ.

　　ಅ　ಆ　ಇ　ಈ　ಉ
1　 ·　 ·　 ·　 ·　 · 　| 2
2　 ಮ　·　 ·　 ಮ　· 　| 0
3　 ·　 ·　 ·　 ·　 · 　| 2
4　 ·　 ಮ　·　 ·　 ಮ 　| 0
5　 ·　 ·　 ·　 ಮ　· 　| 1
　　1　 1　 1　 1　 1

ಇದನ್ನು ದೊಡ್ಡದಾಗಿ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. 'ಅ' ಕಂಬಸಾಲು, 2ನೇ ಅಡ್ಡಸಾಲು ಕೂಡುವ ಮನೆಯನ್ನು ಅ2 ಎಂದು ಕರೆಯೋಣ.

ಮೊದಲು ಸುಲಭದ್ದು. 2 ಮತ್ತು 4ನೇ ಅಡ್ಡಸಾಲುಗಳ ಅಂಕಿ ಸೊನ್ನೆ. ಅಲ್ಲಿನ ಖಾಲಿ ಮನೆಗಳಿಗೆಲ್ಲ ತಪ್ಪು ಗುರುತು (✗) ಹಾಕಿಬಿಡಿ. ಎಲ್ಲಿ ಡೇರೆ ಇಲ್ಲ ಎಂದು ಗುರುತಿಸುವುದೂ ಎಲ್ಲಿದೆ ಎಂದು ಗುರುತಿಸಿದಷ್ಟೇ ಉಪಯುಕ್ತ.

ಈಗ ಈ5ರ ಮರವನ್ನು ನೋಡಿ. ಅದರ ಮೇಲಿನ ಮನೆಗೆ ತಪ್ಪು ಗುರುತು ಬಿದ್ದಿದೆ. ಉಳಿದದ್ದು ಎಡಕ್ಕೆ ಇ5, ಬಲಕ್ಕೆ ಉ5. ಎರಡರಲ್ಲಿ ಯಾವುದು? ಇನ್ನೂ ಗೊತ್ತಿಲ್ಲ. ಆದರೆ ಎರಡೂ 5ನೇ ಅಡ್ಡಸಾಲಿನಲ್ಲೇ ಇವೆಯಲ್ಲವೇ? ಆ ಸಾಲಿನಲ್ಲಿ ಇರಬೇಕಾದದ್ದು ಒಂದೇ ಡೇರೆ, ಅದು ಈ ಮರದ್ದೇ. ಅಂದರೆ ಬೇರೆ ಯಾವ ಮರದ ಡೇರೆಯೂ 5ನೇ ಸಾಲಿಗೆ ಬರುವಂತಿಲ್ಲ! ಉತ್ತರ ಪೂರ್ತಿ ತಿಳಿಯದೆಯೇ ಇಷ್ಟು ದೊಡ್ಡ ಸಂಗತಿ ಕೈಗೆ ಸಿಕ್ಕಿತು. ಈ ಆಟದಲ್ಲಿ ನನಗೆ ಅತ್ಯಂತ ಇಷ್ಟವಾದ ಹೆಜ್ಜೆ ಇದೇ.

ಇದರಿಂದ ಏನಾಗುತ್ತದೆ? ಆ4ರ ಮರಕ್ಕೆ ಕೆಳಗಿನ ಮನೆ ಸಿಗದು. ಅಕ್ಕಪಕ್ಕದ ಮನೆಗಳಿಗೆ ಆಗಲೇ ತಪ್ಪು ಗುರುತು ಬಿದ್ದಿದೆ. ಹಾಗಾಗಿ ಅದರ ಡೇರೆ ಆ3ರಲ್ಲಿ. ಇದೇ ಕಾರಣಕ್ಕೆ ಉ4ರ ಮರದ ಡೇರೆ ಉ3ರಲ್ಲಿ. 'ಉ' ಕಂಬಸಾಲಿನ ಒಂದು ಡೇರೆ ಮುಗಿಯಿತು, ಆದ್ದರಿಂದ ಉ5 ಆಗದು. ಈಗ ಈ5ರ ಮರಕ್ಕೆ ಇ5 ಒಂದೇ ದಾರಿ.

ಇನ್ನೆರಡು ಡೇರೆಗಳು ನಿಮಗೆ. 3ನೇ ಅಡ್ಡಸಾಲಿನಲ್ಲಿ ಈಗ ಎಷ್ಟು ಡೇರೆಗಳಾಗಿವೆ ಎಂದು ಎಣಿಸಿ ನೋಡಿ, ಅಷ್ಟೇ ಸುಳಿವು.

ಸುಮ್ಮನೆ ಊಹಿಸಿದ್ದರೆ? ಮೊದಲಿಗೇ ಉ5ರಲ್ಲಿ ಡೇರೆ ಹಾಕಿದಿರಿ ಎನ್ನೋಣ. ಆ ಕ್ಷಣಕ್ಕೆ ತಪ್ಪೇನೂ ಕಾಣುವುದಿಲ್ಲ. ಮುಂದೆ ಉ4ರ ಮರಕ್ಕೆ ಡೇರೆ ಹುಡುಕುವಾಗ 'ಉ' ಸಾಲಿನಲ್ಲಿ ಎರಡು ಡೇರೆಗಳಾಗಿ ಲೆಕ್ಕ ತಪ್ಪುತ್ತದೆ. ನಡುವೆ ಬೇರೆ ನಾಲ್ಕಾರು ಗುರುತು ಹಾಕಿದ್ದರೆ ಎಡವಿದ್ದು ಎಲ್ಲಿ ಎಂದು ಪತ್ತೆ ಹಚ್ಚುವುದೇ ಕಷ್ಟ. ಕಂಪ್ಯೂಟರಿನಲ್ಲಿ ಹಿಂದಿನ ನಡೆಗೆ ಮರಳುವ ಸೌಲಭ್ಯವಿದೆ. ಮೌಸ್‌ನ ಎಡಗುಂಡಿ ಒತ್ತಿದರೆ ಡೇರೆ, ಬಲಗುಂಡಿ ಒತ್ತಿದರೆ 'ಇಲ್ಲಿ ಡೇರೆ ಇಲ್ಲ' ಎಂಬ ಹಸಿರು ಗುರುತು.

ಬಿಡಿಸಲಾಗದ ಒಗಟು

ಇದೇ ಗುಂಪಿನ ಇನ್ನೊಂದು ಆಟ ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಆಟಿಕೆಯದ್ದೇ. 16 ಮನೆಗಳಲ್ಲಿ 1ರಿಂದ 15ರವರೆಗಿನ ಬಿಲ್ಲೆಗಳು, ಒಂದು ಮನೆ ಖಾಲಿ. ಬಿಲ್ಲೆ ಸರಿಸಿ ಸರಿಸಿ ಕ್ರಮಕ್ಕೆ ತರಬೇಕು. ಆದರೆ ಬಿಲ್ಲೆಗಳನ್ನು ಕಿತ್ತು ಮನಬಂದಂತೆ ಜೋಡಿಸಿದರೆ, ಆ ಜೋಡಣೆಗಳಲ್ಲಿ ಸರಿಯಾಗಿ ಅರ್ಧದಷ್ಟನ್ನು ಎಷ್ಟು ಸರಿಸಿದರೂ ಕ್ರಮಕ್ಕೆ ತರಲಾಗದು! 1879ರಲ್ಲಿ ಜಾನ್ಸನ್ ಮತ್ತು ಸ್ಟೋರಿ ಎಂಬ ಗಣಿತಜ್ಞರು ಅಮೆರಿಕದ ಗಣಿತ ಪತ್ರಿಕೆಯೊಂದರಲ್ಲಿ ಇದನ್ನು ಸಾಧಿಸಿ ತೋರಿಸಿದರು.

ಅವರ ಸಾಧನೆ ನಿಮಗೆ ಈಗ ಕಷ್ಟವಾದೀತು. ಆದರೆ ಅದರ ಮರಿಯನ್ನು ನೀವೇ ಮಾಡಬಹುದು. ನಾಲ್ಕು ಮನೆಗಳ ಚೌಕ ಬರೆದು, 1, 2, 3 ಎಂದು ಬರೆದ ಚೀಟಿಗಳನ್ನಿಡಿ. ಮೇಲಿನ ಸಾಲಿನಲ್ಲಿ 2, 1. ಕೆಳಗಿನ ಸಾಲಿನಲ್ಲಿ 3, ಖಾಲಿ. ಚೀಟಿಯನ್ನು ಎತ್ತದೆ, ಖಾಲಿ ಮನೆಗೆ ಸರಿಸುತ್ತ ಮೇಲೆ 1, 2. ಕೆಳಗೆ 3, ಖಾಲಿ ಎಂದು ಮಾಡಿ ನೋಡೋಣ.

ಆಗಲಿಲ್ಲವೇ? ಆಗುವುದೂ ಇಲ್ಲ. ಗಡಿಯಾರದ ಮುಳ್ಳಿನಂತೆ ಸುತ್ತಲೂ ಓದಿ: 2, 1, 3. ಚೀಟಿ ಸರಿದಾಗ ಅದು ಖಾಲಿ ಮನೆಗೆ ಹೋಗುತ್ತದೆಯೇ ಹೊರತು ಇನ್ನೊಂದು ಚೀಟಿಯನ್ನು ದಾಟುವುದಿಲ್ಲ. ಆದ್ದರಿಂದ ಸುತ್ತಿನ ಕ್ರಮ ಎಂದೂ ಬದಲಾಗದು. 1ರ ನಂತರ ಯಾವಾಗಲೂ 3 ಬರುತ್ತದೆ. ನಮಗೆ ಬೇಕಾದದ್ದು 1ರ ನಂತರ 2. ಮೂರು ಚೀಟಿಗಳನ್ನು ನಾಲ್ಕು ಮನೆಗಳಲ್ಲಿ 4 × 3 × 2 = 24 ರೀತಿಯಲ್ಲಿ ಇಡಬಹುದು. 12 ರೀತಿಗಳಲ್ಲಿ ಒಂದು ಕ್ರಮ, 12ರಲ್ಲಿ ಇನ್ನೊಂದು. ನೋಡಿ, ಇಲ್ಲೂ ಅರ್ಧಕ್ಕರ್ಧ! 'ನನ್ನಿಂದ ಆಗಲಿಲ್ಲ' ಎನ್ನುವುದಕ್ಕೂ 'ಇದು ಯಾರಿಂದಲೂ ಆಗದು, ಕಾರಣ ಹೀಗಿದೆ' ಎನ್ನುವುದಕ್ಕೂ ಎಷ್ಟು ವ್ಯತ್ಯಾಸ!

ಬಿಡಿಸಲಾಗದ ಜೋಡಣೆಯನ್ನು ಟೇಥಮ್ ಅವರ ಪ್ರೋಗ್ರಾಮ್ ಕೊಡುವುದೇ ಇಲ್ಲ. ಅವರ ಸಂಗ್ರಹದ ನೆಲಬಾಂಬ್ ಆಟವೂ ಹೀಗೆಯೇ. ತೆರೆದ ಮನೆಯ ಅಂಕಿ ಅದರ ಸುತ್ತಲಿನ 8 ಮನೆಗಳಲ್ಲಿ ಎಷ್ಟು ಬಾಂಬ್‌ಗಳಿವೆ ಎಂದು ಹೇಳುತ್ತದೆ. ನೀವು ಮೊದಲು ತೆರೆಯುವ ಮನೆಯಲ್ಲಿ ಬಾಂಬ್ ಇರುವುದಿಲ್ಲ, ಅಲ್ಲಿಂದ ಮುಂದೆ ತರ್ಕದಿಂದಲೇ ಕೊನೆ ಮುಟ್ಟಬಹುದು.

ನೀವೇ ಒಗಟು ಕಟ್ಟಿ

ಕಂಪ್ಯೂಟರ್ ಡೇರೆಯ ಒಗಟನ್ನು ಕಟ್ಟುವುದು ಹಿಂದುಮುಂದಾಗಿ. ಮೊದಲು ಒಂದಕ್ಕೊಂದು ತಾಗದಂತೆ ಡೇರೆಗಳನ್ನು ಹಾಕಿ. ಪ್ರತಿ ಡೇರೆಯ ಪಕ್ಕದಲ್ಲಿ ಒಂದು ಮರ ನೆಡಿ. ಸಾಲುಗಳ ಅಂಕಿ ಬರೆಯಿರಿ. ನಂತರ ಡೇರೆಗಳನ್ನು ಅಳಿಸಿ ಗೆಳೆಯನಿಗೋ ಗೆಳತಿಗೋ ಕೊಡಿ. ಅವರು ನಿಮ್ಮದಲ್ಲದ ಬೇರೊಂದು ಉತ್ತರ ತಂದು, ಅದೂ ಎಲ್ಲ ನಿಯಮಗಳಿಗೆ ಹೊಂದಿದರೆ ಜಗಳ ಬೇಡ. ನಿಮ್ಮ ಒಗಟಿಗೆ ಎರಡು ಉತ್ತರಗಳಿವೆ ಎಂದರ್ಥ. ಕಂಪ್ಯೂಟರ್ ಅಂತಹ ಒಗಟನ್ನು ತಾನೇ ಬಿಡಿಸಿ ನೋಡಿ, ಎಸೆದು, ಹೊಸದನ್ನು ಕಟ್ಟುತ್ತದೆ. ನೀವು ಒಂದು ಮರವನ್ನು ಅದರ ಡೇರೆಯ ಇನ್ನೊಂದು ಬದಿಗೆ ಸರಿಸಿ ಮತ್ತೆ ಪರೀಕ್ಷಿಸಿ.