ಸಂಬಳ ಒಂದೇ ಅಲ್ಲ, ಬಂದ ಖರ್ಚೂ ಲೆಕ್ಕಕ್ಕೆ: ಕತಾರ್‌ನ ಪಾಕಿಸ್ತಾನಿಗಳು, ಜಪಾನೀಯರು ಮತ್ತು ನಾವು

ಕತಾರ್‌ನ ಜನಸಂಖ್ಯೆ ಸುಮಾರು 30 ಲಕ್ಷ. ಹತ್ತು ಜನರಲ್ಲಿ ಒಂಬತ್ತು ಜನ ಹೊರದೇಶದವರು. ಭಾರತೀಯರೇ 8 ಲಕ್ಷಕ್ಕೂ ಹೆಚ್ಚು. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳದಿಂದ ಹಿಡಿದು ಬೆಂಗಳೂರು, ಹುಬ್ಬಳ್ಳಿಯವರೆಗಿನ ಕನ್ನಡಿಗರೂ ಅವರಲ್ಲಿದ್ದೇವೆ. ರಜೆಗೆ ಊರಿಗೆ ಬಂದಾಗ ನೆಂಟರು, ನೆರೆಹೊರೆಯವರು ಕೇಳುವುದು ಒಂದೇ ಪ್ರಶ್ನೆ: ‘ಅಲ್ಲಿ ಸಂಬಳ ಎಷ್ಟು?’ ಲೆಕ್ಕಪತ್ರದ ಕೆಲಸದಲ್ಲಿರುವ ನಮಗೆ ಇದು ಅರ್ಧ ಪ್ರಶ್ನೆ ಅನ್ನಿಸುತ್ತದೆ. ಬರಲು ಎಷ್ಟು ಖರ್ಚಾಯಿತು, ಅದನ್ನು ಕೊಟ್ಟವರು ಯಾರು, ಕೆಲಸ ಮುಗಿಸಿ ಹೊರಡುವ ದಿನ ಕೈಯಲ್ಲಿ ಏನಿರುತ್ತದೆ ಎಂಬುದು ಉಳಿದರ್ಧ.

ಈ ಉಳಿದರ್ಧ ಚೆನ್ನಾಗಿ ಅರ್ಥವಾಗಬೇಕಾದರೆ ದೋಹಾದಲ್ಲಿ ನಮ್ಮ ಸುತ್ತಲೇ ಇರುವ ಎರಡು ಸಮುದಾಯಗಳನ್ನು ನೋಡಬೇಕು. ಒಂದು ಪಾಕಿಸ್ತಾನಿಗಳದು, ಲಕ್ಷದ ಲೆಕ್ಕದಲ್ಲಿ ಇರುವವರು. ಇನ್ನೊಂದು ಜಪಾನೀಯರದು, ನೂರರ ಲೆಕ್ಕದಲ್ಲಿ ಇರುವವರು. ಇಬ್ಬರೂ ದುಡಿಯಲು ಬಂದವರೇ. ಇಬ್ಬರಿಗೂ ಇಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಇಬ್ಬರೂ ಒಂದು ದಿನ ವಾಪಸು ಹೋಗಲೇಬೇಕು. ಆದರೂ ಇಬ್ಬರ ಖಾತೆ ಪುಸ್ತಕ ಬೇರೆ ಬೇರೆ.

ಗ್ಯಾಸಿನ ಬೆನ್ನಿಗೆ ಬಂದವರು

ಜಪಾನೀಯರು ಇಲ್ಲಿಗೆ ಬಂದದ್ದು ಮುಖ್ಯವಾಗಿ ಗ್ಯಾಸಿನ ದಾರಿಯಲ್ಲಿ. ಕತಾರ್‌ನ ದ್ರವೀಕೃತ ಅನಿಲಕ್ಕೆ ಮೊದಲ ದೊಡ್ಡ ಗಿರಾಕಿ ಜಪಾನ್. ಅಲ್ಲಿನ ಚುಬು ಎಲೆಕ್ಟ್ರಿಕ್ ವಿದ್ಯುತ್ ಕಂಪನಿ 1992ರಲ್ಲಿ ವರ್ಷಕ್ಕೆ 40 ಲಕ್ಷ ಟನ್ ಅನಿಲ ಕೊಳ್ಳುವ ದೀರ್ಘಾವಧಿ ಒಪ್ಪಂದ ಮಾಡಿಕೊಂಡಿತು. 1996ರ ಡಿಸೆಂಬರ್‌ನಲ್ಲಿ ರಾಸ್ ಲಫಾನ್ ಬಂದರಿನಿಂದ ಹೊರಟ ಮೊದಲ ಹಡಗು 1997ರ ಜನವರಿಯಲ್ಲಿ ಜಪಾನ್ ತಲುಪಿತು. ಮಿತ್ಸುಯಿ, ಮರುಬೆನಿ ಕಂಪನಿಗಳು ಆ ಯೋಜನೆಯಲ್ಲಿ ಪಾಲು ಹಾಕಿದ್ದವು. ಸ್ಥಾವರ ಕಟ್ಟುವ ಕೆಲಸಕ್ಕೆ ಚಿಯೋಡಾ ಬಂತು. ಮುಂದೆ 2019ರಲ್ಲಿ ಓಡಲು ಶುರುವಾದ ದೋಹಾ ಮೆಟ್ರೋಗೆ ಬೋಗಿಗಳನ್ನು ಕಿಂಕಿ ಶಾರ್ಯೋ ಕೊಟ್ಟಿತು. 2022ರಲ್ಲಿ ಉದ್ಘಾಟನೆಯಾದ ಅಲ್ ಖರ್ಸಾ ಸೌರ ವಿದ್ಯುತ್ ಸ್ಥಾವರದಲ್ಲೂ ಮರುಬೆನಿ ಇದೆ.

ಹೀಗೆ ಇಲ್ಲಿಗೆ ಬರುವ ಜಪಾನೀಯರಲ್ಲಿ ಹೆಚ್ಚಿನವರು ಕೆಲಸ ಹುಡುಕಿಕೊಂಡು ಬಂದವರಲ್ಲ, ಕಂಪನಿ ಕಳಿಸಿಕೊಟ್ಟವರು. ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೆ ಬರುತ್ತಾರೆ. ಟಿಕೆಟ್, ವೀಸಾ, ಮನೆ ಬಾಡಿಗೆ, ಮಕ್ಕಳ ಶಾಲೆ ಎಲ್ಲವೂ ಕಂಪನಿಯ ಖರ್ಚಿನ ಪುಸ್ತಕದಲ್ಲಿ ಬರುತ್ತದೆ. ಊರಿನ ಉದ್ಯೋಗ ಹಾಗೆಯೇ ಇರುವುದರಿಂದ ಅಲ್ಲಿನ ಪಿಂಚಣಿಗೆ ತಿಂಗಳ ಕಂತೂ ಬೀಳುತ್ತಿರುತ್ತದೆ. ದೋಹಾದಲ್ಲಿ ಅವರದೇ ಜಪಾನಿ ಶಾಲೆಯಿದೆ. ಮಗು ಇಲ್ಲಿ ಓದಿ ಊರಿಗೆ ಮರಳಿದರೆ ಪಾಠ ತಪ್ಪುವುದಿಲ್ಲ.

ಇದರ ಬೆಲೆ ಗೊತ್ತಾಗುವುದು ಕೆಲಸ ನಿಂತಾಗ. ಜಪಾನಿನ ಜೆರಾ ಕಂಪನಿ ಕತಾರ್ ಜೊತೆಗಿನ ವರ್ಷಕ್ಕೆ 55 ಲಕ್ಷ ಟನ್‌ಗಳ ಅನಿಲ ಒಪ್ಪಂದವನ್ನು 2021ರ ಕೊನೆಗೆ ಮುಂದುವರಿಸಲಿಲ್ಲ. ಇಂಥ ದೊಡ್ಡ ಒಪ್ಪಂದ ಮುಗಿದರೂ ಕಂಪನಿ ಕಳಿಸಿದ ನೌಕರ ಬೀದಿಗೆ ಬೀಳುವುದಿಲ್ಲ. ಟೋಕಿಯೋದ ಕಚೇರಿಯಲ್ಲೋ ಇನ್ನೊಂದು ದೇಶದಲ್ಲೋ ಅವನ ಕುರ್ಚಿ ಕಾಯುತ್ತಿರುತ್ತದೆ.

ವೀಸಾದ ಸಾಲ ಹೊತ್ತು ಬಂದವರು

ಪಾಕಿಸ್ತಾನಿಗಳ ಕಥೆ ನಮ್ಮ ಊರಿನವರಿಗೆ ಹೆಚ್ಚು ಪರಿಚಿತ ಅನ್ನಿಸುತ್ತದೆ. 1970ರ ದಶಕದ ತೈಲ ಏರಿಕೆಯ ಕಾಲದಿಂದ ಅವರು ಕೊಲ್ಲಿಗೆ ಬರುತ್ತಿದ್ದಾರೆ. ಪಂಜಾಬಿನ ಸಿಯಾಲ್‌ಕೋಟ್, ಗುಜ್ರಾನ್‌ವಾಲಾ, ಖೈಬರ್ ಪಖ್ತೂನ್‌ಖ್ವಾದ ಸ್ವಾತ್, ದೀರ್ ಕಡೆಯ ಹಳ್ಳಿಗಳಲ್ಲಿ ಗಲ್ಫ್ ದುಡ್ಡಿಲ್ಲದ ಬೀದಿ ಸಿಗುವುದು ಕಷ್ಟ. ದೋಹಾದಲ್ಲಿ ಅವರು ಭಾರೀ ವಾಹನಗಳ ಚಾಲಕರು, ಟ್ಯಾಕ್ಸಿಯವರು, ಗಾರೆ ಮತ್ತು ಕಬ್ಬಿಣದ ಕೆಲಸದವರು, ಗ್ಯಾರೇಜಿನವರು, ದರ್ಜಿಗಳು. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪುಗಳಲ್ಲಿ ನಮ್ಮವರ ಪಕ್ಕದ ಕೋಣೆಯಲ್ಲೇ ಅವರಿರುತ್ತಾರೆ. ತಂದೂರಿನ ರೊಟ್ಟಿ ಅವರಿಂದ ನಮಗೆ ಬರುತ್ತದೆ, ನಮ್ಮ ಸಾರು ಅವರಿಗೆ ಹೋಗುತ್ತದೆ.

ಎಲ್ಲ ಪಾಕಿಸ್ತಾನಿಗಳೂ ಕೂಲಿಯವರಲ್ಲ ಎಂಬುದನ್ನೂ ಹೇಳಬೇಕು. ವೈದ್ಯರು, ಎಂಜಿನಿಯರುಗಳು, ಬ್ಯಾಂಕಿನವರು, ನಮ್ಮದೇ ವೃತ್ತಿಯ ಲೆಕ್ಕಪರಿಶೋಧಕರು ಬೇಕಾದಷ್ಟಿದ್ದಾರೆ. ಪಾಕಿಸ್ತಾನದ ಯುನೈಟೆಡ್ ಬ್ಯಾಂಕ್ ದಶಕಗಳಿಂದ ದೋಹಾದಲ್ಲಿದೆ. ಅವರ ಶಾಲೆಗಳಿವೆ. ಇಲ್ಲಿಯೇ ಹುಟ್ಟಿ ಬೆಳೆದ ಎರಡನೇ ತಲೆಮಾರಿನವರೂ ಇದ್ದಾರೆ. ಆದರೆ ಅವರ ಬಲವೂ ಸಂಬಳ ಬರುವವರೆಗೆ ಮಾತ್ರ. ಮಗ ಇಲ್ಲೇ ಹುಟ್ಟಿದ್ದರೂ ತಂದೆಯ ವೀಸಾದಲ್ಲಿ ಇರಬಹುದಾದದ್ದು 25 ವರ್ಷದವರೆಗೆ. ಅನಂತರ ಅವನೂ ಸ್ವಂತ ಕೆಲಸ, ಸ್ವಂತ ವೀಸಾ ನೋಡಿಕೊಳ್ಳಬೇಕು.

ದುಡಿಮೆಗೆ ಬರುವವರಲ್ಲಿ ಬಹಳ ಮಂದಿ ಏಜೆಂಟರಿಗೆ ಹಣ ಕೊಟ್ಟು ಬರುತ್ತಾರೆ. ಅವರಲ್ಲಿ ‘ಆಜಾದ್ ವೀಸಾ’ ಎಂಬ ಮಾತಿದೆ, ನಮ್ಮವರು ‘ಫ್ರೀ ವೀಸಾ’ ಎನ್ನುತ್ತಾರೆ. ಹೆಸರಿಗೆ ಫ್ರೀ, ಕೊಳ್ಳುವುದು ದುಡ್ಡಿಗೆ. ಜಮೀನು ಅಡವಿಟ್ಟೋ ಹೆಂಡತಿಯ ಬಂಗಾರ ಮಾರಿಯೋ ಆ ಹಣ ಹೊಂದಿಸುತ್ತಾರೆ. ಕತಾರ್‌ನ ಕಾನೂನಿನಲ್ಲಿ ನೇಮಕಾತಿಯ ಶುಲ್ಕವನ್ನು ಕಾರ್ಮಿಕನಿಂದ ತೆಗೆದುಕೊಳ್ಳುವಂತಿಲ್ಲ. ಹಣ ಕೈ ಬದಲಾಗುವುದು ಹೆಚ್ಚಾಗಿ ಊರಿನಲ್ಲೇ.

ಬರುವ ಖರ್ಚಿನ ಲೆಕ್ಕ

ಇದನ್ನು ಅಂಕಿಯಲ್ಲಿ ನೋಡೋಣ. 2021ರ ಮಾರ್ಚ್‌ನಿಂದ ಕತಾರ್‌ನಲ್ಲಿ ಕನಿಷ್ಠ ಮೂಲ ವೇತನ ತಿಂಗಳಿಗೆ 1,000 ರಿಯಾಲ್. ಕಂಪನಿ ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ರಿಯಾಲ್ ಸೇರಿಸಿ ಕೊಡಬೇಕು. ಇದು ಯಾವ ದೇಶದವರಿಗೂ ಒಂದೇ. ಒಂದು ರಿಯಾಲಿಗೆ 24 ರೂಪಾಯಿ ಎಂದು ಹಿಡಿಯೋಣ.

ಊಟ, ವಸತಿ ಕಂಪನಿಯದೇ ಆಗಿರುವ ಒಬ್ಬ ಕಾರ್ಮಿಕ ತಿಂಗಳಿಗೆ 700 ರಿಯಾಲ್, ಅಂದರೆ 16,800 ರೂಪಾಯಿ ಮನೆಗೆ ಕಳಿಸುತ್ತಾನೆ ಎಂದುಕೊಳ್ಳಿ. ಮನೆ ಖರ್ಚಿಗೆ 8,000 ಹೋದರೆ ಉಳಿಯುವುದು 8,800. ಅವನು ವೀಸಾಕ್ಕೆ ಒಂದೂವರೆ ಲಕ್ಷ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಲ್ಲಿ ತಂದಿದ್ದರೆ, ಉಳಿದ ಅಷ್ಟನ್ನೂ ಕಟ್ಟಿದರೂ ಸಾಲ ತೀರಲು ಸುಮಾರು 21 ತಿಂಗಳು ಬೇಕು. ಎರಡು ವರ್ಷದ ಕರಾರಿನಲ್ಲಿ ಅವನು ತನಗಾಗಿ ದುಡಿದದ್ದು ಮೂರೇ ತಿಂಗಳು.

ಅದೇ ಮನುಷ್ಯ ಸರಕಾರದಲ್ಲಿ ನೋಂದಾಯಿತ ಏಜೆಂಟರ ಮೂಲಕ ಬಂದರೆ? ಭಾರತದ ನಿಯಮದ ಪ್ರಕಾರ ಏಜೆಂಟರು ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ. 18 ಶೇಕಡಾ ಜಿಎಸ್‌ಟಿ ಸೇರಿ 35,400. ಅದೇ ಬಡ್ಡಿ, ಅದೇ ಉಳಿತಾಯದಲ್ಲಿ ಐದನೆಯ ತಿಂಗಳಿಗೆ ಸಾಲ ಮುಗಿಯುತ್ತದೆ. ಉಳಿದ 19 ತಿಂಗಳ ದುಡಿಮೆ ಮನೆಯದು. ಸಂಬಳ ಒಂದು ರಿಯಾಲ್ ಕೂಡ ಹೆಚ್ಚಾಗಲಿಲ್ಲ, ಬದಲಾದದ್ದು ಬಂದ ದಾರಿ.

ಜಪಾನೀಯನ ಪುಸ್ತಕದಲ್ಲಿ ಈ ಸಾಲದ ಪುಟವೇ ಇಲ್ಲ. ಅವನು ಮೊದಲ ತಿಂಗಳಿನಿಂದಲೇ ಉಳಿತಾಯಕ್ಕೆ ಶುರುಮಾಡುತ್ತಾನೆ. ಎರಡು ಸಮುದಾಯಗಳ ನಡುವಿನ ನಿಜವಾದ ಅಂತರ ಇರುವುದು ಇಲ್ಲಿಯೇ.

ರೂಪಾಯಿ ಇಳಿದರೆ ಲಾಭವೇ?

ಕತಾರ್ ರಿಯಾಲ್ ಡಾಲರಿಗೆ 3.64ರಂತೆ ಕಟ್ಟಿಹಾಕಿದ ಹಣ. ಊರಿನ ಹಣ ಇಳಿದಂತೆ ನಾವು ಕಳಿಸುವ ರಿಯಾಲಿಗೆ ಹೆಚ್ಚು ರೂಪಾಯಿ ಸಿಗುತ್ತದೆ. ರೂಪಾಯಿ ಬಿದ್ದ ದಿನ ಎಕ್ಸ್‌ಚೇಂಜ್ ಮುಂದೆ ಸಾಲು ಬೆಳೆಯುವುದು ಇದಕ್ಕೇ.

ಪಾಕಿಸ್ತಾನದವರು ಇದರ ಇನ್ನೊಂದು ಮುಖವನ್ನೂ ಕಂಡಿದ್ದಾರೆ. 2017ರಲ್ಲಿ ಡಾಲರಿಗೆ 105ರ ಆಸುಪಾಸಿನಲ್ಲಿದ್ದ ಅವರ ರೂಪಾಯಿ 2023ರಲ್ಲಿ 280ರ ಆಸುಪಾಸಿಗೆ ಇಳಿಯಿತು. ಒಂದು ರಿಯಾಲಿಗೆ ಸುಮಾರು 29 ಸಿಗುತ್ತಿದ್ದಲ್ಲಿ 77 ಸಿಗತೊಡಗಿತು. ಕೇಳಲು ಚೆನ್ನಾಗಿದೆ. ಆದರೆ 2023ರ ಮೇ ತಿಂಗಳಲ್ಲಿ ಅಲ್ಲಿನ ಹಣದುಬ್ಬರ 38 ಶೇಕಡಾ ಮುಟ್ಟಿತ್ತು. ಹಿಟ್ಟು, ಎಣ್ಣೆ, ವಿದ್ಯುತ್ ಬಿಲ್ಲು, ಸಿಮೆಂಟು ಎಲ್ಲ ಏರಿದ ಮೇಲೆ ಮನೆಯವರ ಕೈಯಲ್ಲಿ ಉಳಿದ ಲಾಭ ಕಡಿಮೆ. 2024-25ರಲ್ಲಿ ಹೊರದೇಶದ ಪಾಕಿಸ್ತಾನಿಗಳು ಊರಿಗೆ ಕಳಿಸಿದ್ದು ದಾಖಲೆಯ 38.3 ಶತಕೋಟಿ ಡಾಲರ್. ಆ ದೇಶ ಕತಾರ್‌ನಿಂದ ಗ್ಯಾಸ್ ಕೊಳ್ಳಲು 2016ರಲ್ಲಿ 15 ವರ್ಷಗಳ ಒಪ್ಪಂದ ಮಾಡಿಕೊಂಡಿದೆ, ಅದರ ಬಿಲ್ಲು ಡಾಲರಿನಲ್ಲಿ. ದೇಶಕ್ಕೆ ಡಾಲರ್ ತರುವವರಲ್ಲಿ ಈ ಚಾಲಕ, ಗಾರೆಯವನೂ ಸೇರಿದ್ದಾನೆ.

ಯೆನ್ ಕೂಡ ಇಳಿದಿದೆ. 2021ರ ಹೊತ್ತಿಗೆ ಡಾಲರಿಗೆ 110ರ ಆಸುಪಾಸಿದ್ದದ್ದು 2024ರಲ್ಲಿ 150 ದಾಟಿತು. ಆದರೆ ಜಪಾನಿ ಕುಟುಂಬ ಅಕ್ಕಿ, ಬೇಳೆಗೆ ಈ ದರವನ್ನು ಕಾಯುತ್ತಾ ಕೂರುವುದಿಲ್ಲ. ಹೆಂಡತಿ, ಮಕ್ಕಳು ಹೆಚ್ಚಾಗಿ ಇಲ್ಲೇ ಇರುತ್ತಾರೆ. ನಮ್ಮ ಕಾರ್ಮಿಕರಿಗೆ ಆ ಭಾಗ್ಯವಿಲ್ಲ. ಖಾಸಗಿ ಕೆಲಸದವರು ಕುಟುಂಬವನ್ನು ಕರೆತರಬೇಕಾದರೆ ಸಾಮಾನ್ಯವಾಗಿ 10,000 ರಿಯಾಲ್ ಸಂಬಳ ತೋರಿಸಬೇಕು. 1,000 ಮತ್ತು 10,000ದ ನಡುವೆ ಇರುವವರಲ್ಲಿ ಹೆಚ್ಚಿನವರು ಫೋನಿನಲ್ಲೇ ಸಂಸಾರ ಮಾಡುವವರು.

ಹೊರಡುವ ದಿನ

ಕತಾರ್ ಕಾರ್ಮಿಕ ಕಾನೂನಿನಂತೆ ಒಂದು ವರ್ಷಕ್ಕಿಂತ ಹೆಚ್ಚು ದುಡಿದವರಿಗೆ ಪ್ರತಿ ವರ್ಷಕ್ಕೆ ಕನಿಷ್ಠ ಮೂರು ವಾರದ ಮೂಲ ವೇತನ ಗ್ರಾಚ್ಯುಟಿಯಾಗಿ ಸಿಗಬೇಕು. ‘ಮೂಲ ವೇತನ’ ಎಂಬ ಮಾತನ್ನು ಗಮನಿಸಿ. 1,000 ರಿಯಾಲ್ ಮೂಲ ವೇತನದವನಿಗೆ ವರ್ಷಕ್ಕೆ 700 ರಿಯಾಲ್. ಹತ್ತು ವರ್ಷ ದುಡಿದರೆ 7,000 ರಿಯಾಲ್, ಸುಮಾರು 1 ಲಕ್ಷ 68 ಸಾವಿರ ರೂಪಾಯಿ. ಒಟ್ಟು ಸಂಬಳ 2,000 ಎಂದು ಹೇಳಿ ಮೂಲ ವೇತನ 1,000 ಮಾತ್ರ ಬರೆದಿದ್ದರೂ ಲೆಕ್ಕ ಇಷ್ಟೇ.

ಪಾಕಿಸ್ತಾನಿ ಕಾರ್ಮಿಕನಿಗೂ ನಮ್ಮವನಿಗೂ ಹತ್ತು ವರ್ಷದ ಕೊನೆಗೆ ಖಚಿತವಾಗಿ ಬರುವ ಹಣ ಇದು. ಊರಿನಲ್ಲಿ ಪಿಎಫ್ ಇಲ್ಲ, ಪಿಂಚಣಿ ಇಲ್ಲ. 2020ರ ಕೋವಿಡ್ ಕಾಲದಲ್ಲಿ, 2022ರ ವಿಶ್ವಕಪ್ ಮುಗಿದು ನಿರ್ಮಾಣದ ಕೆಲಸ ತಗ್ಗಿದಾಗ ಇದು ಬಹಳ ಮನೆಗಳಿಗೆ ತಟ್ಟಿತು. ಜಪಾನೀಯನಿಗೆ ಮಾತ್ರ ಇಲ್ಲಿ ಕಳೆದ ವರ್ಷಗಳೂ ಊರಿನ ಪಿಂಚಣಿಯ ಲೆಕ್ಕಕ್ಕೆ ಸೇರುತ್ತವೆ.

ನಾವು ಯಾವ ಪುಟದಲ್ಲಿದ್ದೇವೆ?

ಕನ್ನಡಿಗರು ಎರಡೂ ಪುಟಗಳಲ್ಲಿದ್ದೇವೆ. ಬೆಂಗಳೂರಿನಿಂದ ಕಂಪನಿಯೇ ಕಳಿಸಿದ ಎಂಜಿನಿಯರ್ ಜಪಾನೀಯನ ಪುಟಕ್ಕೆ ಹತ್ತಿರ. ಏಜೆಂಟರಿಗೆ ಲಕ್ಷ ಎಣಿಸಿ ಬಂದ ಚಾಲಕ, ಅಡುಗೆಯವ, ಎಲೆಕ್ಟ್ರಿಷಿಯನ್ ಪಾಕಿಸ್ತಾನಿಯ ಪುಟದಲ್ಲಿ. ರಿಸರ್ವ್ ಬ್ಯಾಂಕಿನ ಸಮೀಕ್ಷೆಯಂತೆ 2023-24ರಲ್ಲಿ ಭಾರತಕ್ಕೆ ಬಂದ ಹೊರದೇಶದ ಹಣದಲ್ಲಿ ಕರ್ನಾಟಕದ ಪಾಲು 7.7 ಶೇಕಡಾ. ಅದರಲ್ಲಿ ಇಬ್ಬರ ದುಡಿಮೆಯೂ ಸೇರಿದೆ.

ಜಪಾನೀಯನಿಗೆ ಕಂಪನಿ ಮಾಡಿಕೊಡುವುದರಲ್ಲಿ ಕೆಲವನ್ನಾದರೂ ನಮ್ಮ ಮನೆಯವರು ತಾವೇ ಮಾಡಿಕೊಳ್ಳಬಹುದು.

ಹೊರಡುವ ಮೊದಲು ಏಜೆಂಟರ ಹೆಸರು ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡಿ, ಕೊಟ್ಟ ಹಣಕ್ಕೆ ರಸೀದಿ ಕೇಳಿ. ಕತಾರ್ ವೀಸಾ ಕೇಂದ್ರ ಬೆಂಗಳೂರಿನಲ್ಲಿಲ್ಲ, ನಮ್ಮವರು ಮುಂಬೈ, ಹೈದರಾಬಾದ್, ಚೆನ್ನೈ ಅಥವಾ ಕೊಚ್ಚಿಗೆ ಹೋಗಬೇಕು. ಕರಾರಿಗೆ ಸಹಿ ಬೀಳುವುದು ಅಲ್ಲೇ. ಏಜೆಂಟರು ಬಾಯಲ್ಲಿ ಹೇಳಿದ ಸಂಬಳ ಕಾಗದದಲ್ಲೂ ಇದೆಯೇ, ಮೂಲ ವೇತನ ಎಷ್ಟು ಎಂದು ಓದಿಸಿಕೊಳ್ಳಿ. ಒಂದು ಪ್ರತಿ ಮನೆಯಲ್ಲಿರಲಿ.

ಇಸಿಆರ್ ಪಾಸ್‌ಪೋರ್ಟಿನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷದ ವಿಮೆ. ಪಾಲಿಸಿ ಕಾಗದ ಎಲ್ಲಿದೆ ಎಂಬುದು ಹೆಂಡತಿಗೋ ತಾಯಿಗೋ ಗೊತ್ತಿರಬೇಕು, ಅವಧಿ ಮುಗಿದರೆ ನವೀಕರಿಸಬೇಕು.

ಇಲ್ಲಿ ಸಂಬಳ ಬ್ಯಾಂಕ್ ಮೂಲಕವೇ, ಬಾಕಿ ದಿನದಿಂದ ಏಳು ದಿನದೊಳಗೆ ಬರಬೇಕೆಂಬ ನಿಯಮ 2015ರಿಂದಿದೆ. ಎರಡು ತಿಂಗಳು ಹಣ ಬರಲಿಲ್ಲವೆಂದರೆ ಮಗ ದುಂದು ಮಾಡಿದ ಎಂದು ಊಹಿಸುವ ಮೊದಲು ಸಂಬಳ ಆಗಿದೆಯೇ ಎಂದು ಕೇಳಿ. ಆಗದಿದ್ದರೆ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಲು, ರಾಯಭಾರ ಕಚೇರಿಯ ಆಶ್ರಯದ ಇಂಡಿಯನ್ ಕಮ್ಯುನಿಟಿ ಬೆನೆವೊಲೆಂಟ್ ಫೋರಂ ನೆರವು ಪಡೆಯಲು ಧೈರ್ಯ ಹೇಳಿ.

ಬಂದ ಹಣಕ್ಕೆ ಎನ್‌ಆರ್‌ಇ ಖಾತೆ ಇರಲಿ, ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ. ಪಿಂಚಣಿಗೆ ಎನ್‌ಪಿಎಸ್ ಖಾತೆಯನ್ನು ಅನಿವಾಸಿ ಭಾರತೀಯರೂ ತೆರೆಯಬಹುದು. ಕಂಪನಿ ಕಟ್ಟದ ಪಿಂಚಣಿಯನ್ನು ನಾವೇ ತಿಂಗಳಿಗೆ ಸಾವಿರ ರೂಪಾಯಿಯಂತೆ ಕಟ್ಟಿಕೊಳ್ಳುವುದು ಒಂದೇ ದಾರಿ.

ಕೊನೆಯದಾಗಿ ಮನೆ ಕಟ್ಟುವ ವಿಷಯ. ಊರಿನಲ್ಲಿ ಎರಡಂತಸ್ತಿನ ಮನೆ ಎದ್ದರೆ ಗಲ್ಫ್‌ನವನ ಮರ್ಯಾದೆ ಹೆಚ್ಚಿತು ಎನ್ನುತ್ತಾರೆ. ಕರಾರು ಎರಡು ವರ್ಷದ್ದು, ಮನೆ ಸಾಲ ಹದಿನೈದು ವರ್ಷದ್ದು. ಕಂತು ಕಟ್ಟುವವನ ವೀಸಾ ನಡುವೆ ಎಷ್ಟು ಸಲ ನವೀಕರಣವಾಗಬೇಕು ಎಂದು ಸೊಸೈಟಿಯಲ್ಲಿ ಸಹಿ ಹಾಕುವ ಮೊದಲು ಮನೆಯವರೆಲ್ಲ ಕೂತು ಎಣಿಸಬೇಕು. ಮುಂದಿನ ಸಲ ಅವನು ಫೋನ್ ಮಾಡಿದಾಗ ಸಂಬಳ ಎಷ್ಟೆಂದು ಕೇಳುವುದರ ಜೊತೆಗೆ ಸಾಲ ಎಷ್ಟು ಬಾಕಿಯಿದೆ, ಮೂಲ ವೇತನ ಎಷ್ಟು ಎಂದೂ ಕೇಳಿ. ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ.