ಒಂದು ಹೊತ್ತಿನ ಊಟದಿಂದ ಅರ್ಜುನ ಪ್ರಶಸ್ತಿಯವರೆಗೆ

ಹೆಣ್ಣುಮಕ್ಕಳು ಆಟವಾಡಬಾರದೆಂದು ನಮ್ಮ ಹಿರಿಯರು ಎಂದೂ ಹೇಳಿದವರಲ್ಲ. ಆದರೆ ಅವರ ಆಟಕ್ಕೆ ಒಂದು ವಯಸ್ಸಿನ ಗಡಿ ಇತ್ತು. ಕುಂಟೆಬಿಲ್ಲೆ, ಕಲ್ಲಾಟ, ಕಣ್ಣುಮುಚ್ಚಾಲೆ ಇವೆಲ್ಲ ಮನೆಯಂಗಳದಲ್ಲಿ ನಡೆಯಬಹುದು. ಮಗಳು ಹೈಸ್ಕೂಲು ಸೇರಿದ ಮೇಲೆ ಮೈದಾನಕ್ಕೆ ಹೊರಟರೆ ಮಾತ್ರ, "ಸಾಕು ಬಿಡವ್ವಾ, ಇನ್ನು ಮನೆ ಕೆಲಸ ಕಲಿ" ಎಂಬ ಮಾತು ಬರುತ್ತದೆ. ಉಮರ್ಗಾ, ನಿಲಂಗಾ, ಉದಗೀರ ಕಡೆಯ ಹಳ್ಳಿಗಳಲ್ಲಿ ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುತ್ತವೆ. ಗಡಿ ದಾಟಿದರೆ ಬಸವಕಲ್ಯಾಣ, ಭಾಲ್ಕಿ. ಭಾಷೆ ಯಾವುದಾದರೂ ಮಗಳಿಗೆ ಹೇಳುವ ಈ ಮಾತು ಎರಡೂ ಕಡೆ ಒಂದೇ.

ಅಂಥ ನಾಡಿನಿಂದಲೇ ಭಾರತ ಮಹಿಳಾ ಖೋ-ಖೋ ತಂಡದ ನಾಯಕಿಯೊಬ್ಬಳು ಎದ್ದು ಬಂದಳು. ಆಕೆಯ ಹೆಸರು ಸಾರಿಕಾ ಕಾಳೆ. ಉಮರ್ಗಾ ತಾಲೂಕು ಸೇರಿರುವ ಉಸ್ಮಾನಾಬಾದ್ ಜಿಲ್ಲೆ ಆಕೆಯ ತವರು. 2023ರಿಂದ ಈ ಜಿಲ್ಲೆಗೆ ಧಾರಾಶಿವ ಎಂದು ಹೆಸರು.

ಖರ್ಚಿಲ್ಲದ ಆಟ

ಖೋ-ಖೋ ನಮ್ಮ ಶಾಲೆಗಳ ಆಟ. ಎರಡು ಕಂಬ, ಸುಣ್ಣದ ಗೆರೆ ಇದ್ದರೆ ಮೈದಾನ ಸಿದ್ಧ. ಬ್ಯಾಟು ಬೇಡ, ಚೆಂಡು ಬೇಡ. ಬಡ ಜಿಲ್ಲೆಯ ಮಕ್ಕಳಿಗೆ ಈ ಆಟ ಒಗ್ಗಿದ್ದು ಇದೇ ಕಾರಣಕ್ಕೆ.

ಒಂದು ತಂಡದಿಂದ ಒಂಬತ್ತು ಜನ ಮೈದಾನಕ್ಕೆ ಇಳಿಯುತ್ತಾರೆ. ಎಂಟು ಜನ ನಡುಗೆರೆಯ ಮೇಲೆ ಒಬ್ಬರು ಅತ್ತ, ಒಬ್ಬರು ಇತ್ತ ಮುಖಮಾಡಿ ಕುಳಿತುಕೊಳ್ಳುತ್ತಾರೆ. ಒಂಬತ್ತನೆಯವಳು ಎದುರಾಳಿಯನ್ನು ಬೆನ್ನಟ್ಟುತ್ತಾಳೆ. ಎದುರು ತಂಡದವರು ಮೂವರಂತೆ ಒಳಬಂದು ತಪ್ಪಿಸಿಕೊಳ್ಳುತ್ತಾರೆ. ಅವರು ಕುಳಿತವರ ನಡುವೆ ನುಸುಳಿ ಆಚೆ ಬದಿಗೆ ಹೋಗಬಹುದು. ಬೆನ್ನಟ್ಟುವವಳಿಗೆ ಆ ಸ್ವಾತಂತ್ರ್ಯವಿಲ್ಲ. ಹಿಡಿದ ದಿಕ್ಕನ್ನು ಬದಲಿಸುವಂತೆಯೂ ಇಲ್ಲ. ಅವಳು ಕುಳಿತ ಗೆಳತಿಯ ಬೆನ್ನು ಮುಟ್ಟಿ "ಖೋ" ಎನ್ನಬೇಕು, ಆ ಗೆಳತಿ ಎದ್ದು ಓಡಬೇಕು. ಆದ್ದರಿಂದ ಎಷ್ಟೇ ಚುರುಕಾದ ಹುಡುಗಿಯೂ ಈ ಆಟವನ್ನು ಒಬ್ಬಳೇ ಗೆಲ್ಲಲಾರಳು.

ಈ ಆಟದ ನಿಯಮಗಳನ್ನು ಮೊದಲು ಬರೆದಿಟ್ಟದ್ದು 1914ರಲ್ಲಿ, ಪುಣೆಯ ಡೆಕ್ಕನ್ ಜಿಮ್ಖಾನಾ ಸಂಸ್ಥೆ. ಪುರುಷರ ಮೊದಲ ರಾಷ್ಟ್ರೀಯ ಪಂದ್ಯಾವಳಿ 1959-60ರಲ್ಲಿ ವಿಜಯವಾಡದಲ್ಲಿ ನಡೆಯಿತು. ಮಹಿಳೆಯರದು ಮರುವರ್ಷ ಕೊಲ್ಹಾಪುರದಲ್ಲಿ ಆರಂಭವಾಯಿತು. 1971ರಲ್ಲಿ ಅಚಲಾ ದೇವರೆ ಎಂಬ ಆಟಗಾರ್ತಿಗೆ ಅರ್ಜುನ ಪ್ರಶಸ್ತಿ ಬಂತು.

ಬಾಗಿಲು ಹಾಕಿಕೊಂಡ ಹುಡುಗಿ

ಸಾರಿಕಾ ಮೈದಾನಕ್ಕೆ ಬಂದದ್ದು ಹದಿಮೂರರ ಆಸುಪಾಸಿನ ವಯಸ್ಸಿನಲ್ಲಿ. ತಂದೆಗೆ ದುಡಿಯುವಷ್ಟು ದೇಹಶಕ್ತಿ ಇರಲಿಲ್ಲ. ತಾಯಿ ಬಟ್ಟೆ ಹೊಲಿದು, ಮನೆಗೆಲಸ ಮಾಡಿ ನಾಲ್ಕು ಕಾಸು ತರುತ್ತಿದ್ದರು. ಸುಮಾರು ಹತ್ತು ವರ್ಷ ದಿನಕ್ಕೆ ಒಂದೇ ಹೊತ್ತು ಊಟ ಮಾಡಿ ಆಡಿದೆ ಎಂದು ಆಕೆಯೇ 2020ರಲ್ಲಿ ಹೇಳಿಕೊಂಡಿದ್ದಾರೆ. ತರಬೇತಿ ಶಿಬಿರಕ್ಕೋ ಪಂದ್ಯಕ್ಕೋ ಹೋದಾಗ ಮಾತ್ರ ಒಳ್ಳೆಯ ಊಟ ಸಿಗುತ್ತಿತ್ತು. ಇಷ್ಟು ಕಷ್ಟದಲ್ಲೂ ಮನೆಯವರು "ಆಟ ಬಿಡು" ಎಂದು ಹೇಳಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

2016ರಲ್ಲಿ ಸಾರಿಕಾ ಸ್ವತಃ ಸೋತುಹೋದರು. ಮನೆಯ ಹಣದ ತೊಂದರೆ ನೋಡಲಾಗದೆ ಆಟ ಬಿಡುವ ಯೋಚನೆ ಮಾಡಿದರು. ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಕುಳಿತರು. ಆಗ ಈ ಸಂಗತಿಯನ್ನು ತರಬೇತುದಾರ ಚಂದ್ರಜೀತ್ ಜಾಧವ್ ಅವರಿಗೆ ತಿಳಿಸಿದ್ದು ಅಜ್ಜಿ. ಜಾಧವ್ ಅವರು ತಿಳಿಹೇಳಿ ಧೈರ್ಯ ತುಂಬಿದ ಮೇಲೆ ಸಾರಿಕಾ ಮತ್ತೆ ಮೈದಾನಕ್ಕೆ ಬಂದರು.

ಅದೇ 2016ರಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಅವರ ನಾಯಕತ್ವದ ಭಾರತ ತಂಡ ಚಿನ್ನ ಗೆದ್ದಿತ್ತು. ಮುಂದೆ ಅವರು ತುಳಜಾಪುರದಲ್ಲಿ ತಾಲೂಕು ಕ್ರೀಡಾಧಿಕಾರಿಯಾದರು. 2020ರಲ್ಲಿ ಅರ್ಜುನ ಪ್ರಶಸ್ತಿ ಬಂತು. 1998ರಲ್ಲಿ ಶೋಭಾ ನಾರಾಯಣ್ ಅವರಿಗೆ ಸಂದ ನಂತರ ಖೋ-ಖೋ ಆಟಕ್ಕೆ ಈ ಪ್ರಶಸ್ತಿ ಬರಲು 22 ವರ್ಷ ಬೇಕಾಯಿತು.

ಈ ಕಥೆಯಲ್ಲಿ ಚಿನ್ನದ ಪದಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೊಮ್ಮಗಳ ಬಾಗಿಲು ಮುಚ್ಚಿದ್ದನ್ನು ಕಂಡು ಸುಮ್ಮನಿರದ ಅಜ್ಜಿ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ.

ದಿಲ್ಲಿಯ ವಿಶ್ವಕಪ್

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಪ್ರಿಯಾಂಕಾ ಇಂಗಳೆ ನಾಯಕತ್ವದ ಭಾರತ ಮಹಿಳಾ ತಂಡ ಒಂದು ಪಂದ್ಯವನ್ನೂ ಸೋಲದೆ ಜನವರಿ 19ರಂದು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿತು. ಆ ತಂಡದಲ್ಲಿ ಧಾರಾಶಿವದ ಅಶ್ವಿನಿ ಶಿಂದೆ ಇದ್ದರು. ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ದಿಲ್ಲಿಯ ಬೀದಿಗಳಲ್ಲಿ ಪಾತ್ರೆ ಮಾರುವವರ ಮಗಳು ನಸ್ರೀನ್ ಶೇಖ್ ಇದ್ದರು. ಬೇರೆ ಬೇರೆ ಭಾಷೆ, ಬೇರೆ ಬೇರೆ ಧರ್ಮದ ಹುಡುಗಿಯರು ಒಬ್ಬರ ಬೆನ್ನು ಒಬ್ಬರು ಮುಟ್ಟಿ ಓಡಿದರು.

ಅಮೆರಿಕದ ಒಂದು ತಂಡ

ಇಂಥ ತಂಡಗಳ ಕಷ್ಟ ನಮ್ಮ ಬಡ ಜಿಲ್ಲೆಗಳಿಗಷ್ಟೇ ಸೇರಿದ್ದೆಂದು ತಿಳಿಯಬೇಡಿ. ಅಮೆರಿಕದಲ್ಲಿ ಫುಟ್ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿಟ್ಟು ಓಡುವ, ಎದುರಾಳಿಯನ್ನು ಅಪ್ಪಿ ನೆಲಕ್ಕೆ ಕೆಡವುವ ಒರಟು ಆಟ. ತಲೆಗೆ ಹೆಲ್ಮೆಟ್ಟು, ಭುಜಕ್ಕೆ ದಪ್ಪ ಕವಚ ಬೇಕು. ಗಂಡಸರದೇ ಎನಿಸಿಕೊಂಡ ಈ ಆಟಕ್ಕೆ 1971ರಲ್ಲಿ ಓಹಾಯೋ ರಾಜ್ಯದ ಟೊಲೆಡೊ ನಗರದಲ್ಲಿ ಮಹಿಳಾ ತಂಡವೊಂದು ಹುಟ್ಟಿತು. ಹೆಸರು ಟೊಲೆಡೊ ಟ್ರೂಪರ್ಸ್. ಆಟದಿಂದ ಹೊಟ್ಟೆ ತುಂಬುವಷ್ಟು ಹಣ ಬರುತ್ತಿರಲಿಲ್ಲ, ಹೊಟ್ಟೆಪಾಡಿಗೆ ಬೇರೆ ಕೆಲಸ ಬೇಕೇ ಬೇಕಿತ್ತು. ಆದರೂ ಆ ತಂಡ ಸೋತ ಪಂದ್ಯಗಳು ಬೆರಳೆಣಿಕೆಯಷ್ಟು. ತಂಡದ ಓಟಗಾರ್ತಿ ಲಿಂಡಾ ಜೆಫರ್ಸನ್ ಅವರನ್ನು 1975ರಲ್ಲಿ ಅಲ್ಲಿನ ಮಹಿಳಾ ಕ್ರೀಡಾ ಪತ್ರಿಕೆಯೊಂದು ವರ್ಷದ ಕ್ರೀಡಾಪಟುವಾಗಿ ಆರಿಸಿತು.

ಇಷ್ಟೆಲ್ಲ ಗೆದ್ದರೂ 1979ರ ನಂತರ ಆ ತಂಡ ಉಳಿಯಲಿಲ್ಲ. ಎದುರಾಳಿಗಳನ್ನೆಲ್ಲ ಮಣಿಸಿದ ತಂಡ ಹಣದ ಕೊರತೆಯಿಂದ ಕಣ್ಮರೆಯಾಯಿತು. ಸಾರಿಕಾ ಉಳಿದರು, ಟ್ರೂಪರ್ಸ್ ಉಳಿಯಲಿಲ್ಲ. ಶಕ್ತಿ, ಛಲ ಎರಡೂ ಕಡೆ ಇತ್ತು. ಕಷ್ಟಕಾಲದಲ್ಲಿ ಬೆನ್ನಿಗೆ ನಿಲ್ಲುವವರು ಒಂದು ಕಡೆ ಮಾತ್ರ ಸಿಕ್ಕರು. ಆ ಅಮೆರಿಕನ್ ಆಟದ ಕೆಡವಾಟವಿಲ್ಲದ ರೂಪವಾದ ಫ್ಲ್ಯಾಗ್ ಫುಟ್ಬಾಲನ್ನು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪುರುಷರ ಜೊತೆ ಮಹಿಳೆಯರಿಗೂ ಸೇರಿಸಲು 2023ರಲ್ಲಿ ತೀರ್ಮಾನವಾಯಿತು. ಟ್ರೂಪರ್ಸ್ ತಂಡ ಹುಟ್ಟಿ ಆಗಲೇ ಐವತ್ತೆರಡು ವರ್ಷ ಕಳೆದಿತ್ತು.

ನಮ್ಮ ಮನೆಯ ಮಗಳು

ಕ್ರೈಸ್ತರಾದ ನಮಗೆ ಆಟ ಹೊರಗಿನ ವಿಷಯವಲ್ಲ. ಸಂತ ಪೌಲರು ಕೊರಿಂಥದ ಸಭೆಗೆ ಬರೆಯುವಾಗ ವಿಶ್ವಾಸದ ಬಾಳನ್ನು ಓಟದ ಪಂದ್ಯಕ್ಕೆ ಹೋಲಿಸಿದರು. ಜಗದ್ಗುರು ಎರಡನೇ ಜಾನ್ ಪೌಲರು ಬಾಲ್ಯದಲ್ಲಿ ಫುಟ್ಬಾಲ್ ತಂಡದ ಗೋಲಿಯಾಗಿದ್ದವರು. 2000ದ ಜೂಬಿಲಿ ವರ್ಷದಲ್ಲಿ, ಅಕ್ಟೋಬರ್ 29ರಂದು, ರೋಮಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಕ್ರೀಡಾಪಟುಗಳಿಗಾಗಿ ಬಲಿಪೂಜೆ ಅರ್ಪಿಸಿದರು. ದೇಹ ದೇವರ ಕೊಡುಗೆ ಎಂದು ನಂಬುವ ನಾವು, ಮಗನ ದೇಹಕ್ಕೊಂದು ನ್ಯಾಯ, ಮಗಳ ದೇಹಕ್ಕೊಂದು ನ್ಯಾಯ ಮಾಡಬಹುದೇ?

ದೊಡ್ಡ ಕ್ರೀಡಾಂಗಣ ಕಟ್ಟಿಸುವುದು ನಮ್ಮ ಕೈಲಾಗದಿರಬಹುದು. ಕೈಲಾಗುವ ಕೆಲಸಗಳು ಬೇರೆ ಇವೆ. ಜ್ಞಾನೋಪದೇಶ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಎರಡು ಕಂಬ ನೆಡಬಹುದು. ಧರ್ಮಕೇಂದ್ರದ ಹಬ್ಬದ ಕ್ರೀಡೆಗಳಲ್ಲಿ ಹುಡುಗಿಯರಿಗೆ ಲಿಂಬು-ಚಮಚದ ಓಟವಷ್ಟೇ ಇಡದೆ ಅವರದೊಂದು ತಂಡ ಕಟ್ಟಬಹುದು. ತಾಲೂಕು ಪಂದ್ಯಕ್ಕೆ ಹೋಗುವ ಮಗಳಿಗೆ ಬಸ್ಸಿನ ಖರ್ಚು, ಮರಳಿ ಬರುವಾಗ ಜೊತೆಗೊಬ್ಬ ಹಿರಿಯರು, ಮನೆಗೆ ಬಂದಾಗ ಬಿಸಿ ರೊಟ್ಟಿ, ಒಂದು ಲೋಟ ಹಾಲು ಇರುವಂತೆ ನೋಡಿಕೊಳ್ಳಬಹುದು. ಮಹಿಳಾ ಸಂಘದವರೂ ಯುವಕ ಯುವತಿಯರ ಸಂಘದವರೂ ಮನಸ್ಸು ಮಾಡಿದರೆ ಇದೇನು ದೊಡ್ಡ ಮಾತಲ್ಲ.

ಎಲ್ಲ ಹುಡುಗಿಯರೂ ಅರ್ಜುನ ಪ್ರಶಸ್ತಿ ತರುವುದಿಲ್ಲ, ತರಬೇಕಾಗಿಯೂ ಇಲ್ಲ. ಮೈದಾನದಲ್ಲಿ ಬಿದ್ದು ಎದ್ದು ಕಲಿತವಳು ಸೋಲಿಗೆ ಹೆದರುವುದಿಲ್ಲ, ಹದಿನೆಂಟು ತುಂಬುವ ಮೊದಲೇ ಮದುವೆಯ ಮಾತೆತ್ತಿದರೆ "ನಾನು ಇನ್ನೂ ಓದಬೇಕು" ಎಂದು ತಲೆ ಎತ್ತಿ ಹೇಳುತ್ತಾಳೆ. ಪ್ರಿಯ ತಂದೆತಾಯಿಗಳೇ, ಈ ಬಾರಿ ಶಾಲೆಯ ಕ್ರೀಡಾ ತಂಡಕ್ಕೆ ನಿಮ್ಮ ಮಗಳ ಹೆಸರು ಬಂದರೆ ಒಪ್ಪಿಗೆ ಪತ್ರಕ್ಕೆ ಸಂತೋಷದಿಂದ ಸಹಿ ಮಾಡಿ. ಬಿಡುವು ಮಾಡಿಕೊಂಡು ಅವಳ ಒಂದು ಪಂದ್ಯವನ್ನಾದರೂ ನೋಡಲು ಹೋಗಿ.