ವೃದ್ಧರ ಮೂತ್ರಬಾಧೆ: ಔಷಧಿ ಅಂಗಡಿಯಲ್ಲಿ ಕೇಳಬೇಕಾದ ಮಾತು

ವೃದ್ಧಾಪ್ಯದ ಬಾಧೆಗಳಲ್ಲಿ ಕೆಲವನ್ನು ಮನುಷ್ಯ ಎಲ್ಲರೆದುರು ಹೇಳಿಕೊಳ್ಳುತ್ತಾನೆ. ಮೊಣಕಾಲಿನ ನೋವು, ಕಣ್ಣಿನ ಪೊರೆ, ರಕ್ತದೊತ್ತಡ ಇವು ಜಗಲಿಯ ಮಾತುಗಳು. ಮೂತ್ರದ ಬಾಧೆ ಹಾಗಲ್ಲ. ಅದನ್ನು ಮಡದಿಯು ಪತಿಗೂ, ತಂದೆಯು ಮಗನಿಗೂ ಹೇಳಲು ಹಿಂಜರಿಯುತ್ತಾರೆ. ರಾತ್ರಿ ನಾಲ್ಕೈದು ಬಾರಿ ಏಳುವುದು, ಶೌಚಾಲಯ ತಲುಪುವಷ್ಟರಲ್ಲಿ ಬಟ್ಟೆ ಒದ್ದೆಯಾಗುವುದು, ಕೆಮ್ಮಿದರೆ ಹನಿ ಜಾರುವುದು, ಎಷ್ಟು ಹೊತ್ತು ನಿಂತರೂ ಧಾರೆ ಬಾರದಿರುವುದು, ಇವೆಲ್ಲವೂ ‘ವಯಸ್ಸಾಯಿತಲ್ಲ’ ಎಂಬ ಒಂದು ಮಾತಿನಲ್ಲಿ ಮುಚ್ಚಿಹೋಗುತ್ತವೆ. ಮೊದಲು ಬಸ್ ಪ್ರಯಾಣ ನಿಲ್ಲುತ್ತದೆ, ಆಮೇಲೆ ಮದುವೆ ಮುಂಜಿಗಳಿಗೆ ಹೋಗುವುದು ನಿಲ್ಲುತ್ತದೆ, ಕೊನೆಗೆ ನೀರು ಕುಡಿಯುವುದೂ ಕಡಿಮೆಯಾಗುತ್ತದೆ. ವಯಸ್ಸು ಈ ಬಾಧೆಗೆ ದಾರಿ ಮಾಡಿಕೊಡುವುದು ನಿಜ. ಆದರೆ ಅನೇಕ ವೇಳೆ ಅದನ್ನು ಹೆಚ್ಚಿಸುವುದು ನಾವು ನುಂಗುವ ಗುಳಿಗೆಯೇ. ಆ ಗುಳಿಗೆಯನ್ನು ಕೈಗೆ ಕೊಡುವ ಫಾರ್ಮಸಿಸ್ಟರು ಇದನ್ನು ಮೊದಲಿಗೆ ಗುರುತಿಸಬಲ್ಲವರೂ ಆಗಿದ್ದಾರೆ.

ಬಂಟ್ವಾಳ ತಾಲ್ಲೂಕಿನ ವಿಟ್ಲದ ಸುತ್ತಣ ಪ್ರದೇಶವನ್ನು ಉದಾಹರಣೆಯಾಗಿ ನೋಡಬಹುದು. ಇದು ಅಡಿಕೆ ತೋಟಗಳ ಸೀಮೆ. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೊಂದು ಇಲ್ಲಿದೆ. ಮನೆಗಳು ಓಣಿಯ ಸಾಲಿನಲ್ಲಿರದೆ ತೋಟಗಳ ನಡುವೆ ಒಂಟಿಯಾಗಿರುತ್ತವೆ. ಹಳೆಯ ಮನೆಗಳಲ್ಲಿ ಶೌಚಾಲಯ ಅಂಗಳದಾಚೆ ಇರುವುದುಂಟು. ಆಟಿ ತಿಂಗಳ ಮಳೆಯಲ್ಲಿ ಮುರಕಲ್ಲಿನ ಮೆಟ್ಟಿಲುಗಳಿಗೆ ಪಾಚಿ ಹಿಡಿಯುತ್ತದೆ. ಮಕ್ಕಳು ಬೆಂಗಳೂರಿನಲ್ಲಿಯೋ ಗಲ್ಫಿನಲ್ಲಿಯೋ ಇದ್ದರೆ ಮನೆಯಲ್ಲಿ ಉಳಿಯುವವರು ಇಬ್ಬರೇ ವೃದ್ಧರು. ಕತ್ತಲೆಯಲ್ಲಿ ಅವಸರದಿಂದ ಎದ್ದು ಹೋಗುವವರಿಗೆ ಈ ಬಾಧೆ ಮುಜುಗರವಷ್ಟೇ ಅಲ್ಲ, ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯವೂ ಹೌದು. ತಜ್ಞ ವೈದ್ಯರನ್ನು ಕಾಣಲು ಪುತ್ತೂರಿಗೋ ಮಂಗಳೂರಿಗೋ ಹೋಗುವುದು ಸಾಮಾನ್ಯ. ಪೇಟೆಯ ಔಷಧಿ ಅಂಗಡಿಗಾದರೋ ತಿಂಗಳಿಗೊಮ್ಮೆ ಹೇಗೂ ಹೋಗಲೇಬೇಕು. ಅಲ್ಲಿ ತುಳುವಿನಲ್ಲಿಯೇ ಕಷ್ಟ ಹೇಳಿಕೊಳ್ಳಬಹುದು.

ಗುಳಿಗೆಯಿಂದ ಬರುವ ಬಾಧೆ

ವಯಸ್ಸಾದಂತೆ ಮೂತ್ರಕೋಶದ ಹಿಡಿದಿಡುವ ಶಕ್ತಿ ಕುಂದುತ್ತದೆ. ಅದರ ಸ್ನಾಯು ಪೂರ್ತಿ ತುಂಬುವ ಮೊದಲೇ ಸಂಕುಚಿಸತೊಡಗಿ ತಡೆಯಲಾಗದ ಅವಸರವನ್ನುಂಟುಮಾಡುತ್ತದೆ. ಹಗಲು ಕಾಲುಗಳಲ್ಲಿ ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ ರಾತ್ರಿ ಮೂತ್ರವಾಗುತ್ತದೆ. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರದ ದಾರಿಯನ್ನು ಒತ್ತುತ್ತದೆ. ಹೆಂಗಸರಲ್ಲಿ ಹೆರಿಗೆಗಳಿಂದ ವಸ್ತಿಕುಹರದ ತಳದ ಸ್ನಾಯುಗಳು ಸಡಿಲಗೊಂಡಿರುತ್ತವೆ.

ಇದರ ಮೇಲೆ ಔಷಧಿಗಳ ಪರಿಣಾಮ ಸೇರುತ್ತದೆ. ಫ್ಯೂರೊಸೆಮೈಡ್‌ನಂತಹ ನೀರಿಳಿಸುವ ಗುಳಿಗೆಯನ್ನು ಸಂಜೆ ನುಂಗಿದರೆ ರಾತ್ರಿ ನಿದ್ರೆ ಕೆಡುತ್ತದೆ. ರಕ್ತದೊತ್ತಡಕ್ಕೆ ಬಹಳ ಮಂದಿ ಸೇವಿಸುವ ಆಮ್ಲೋಡಿಪಿನ್ ಕೆಲವರಲ್ಲಿ ಪಾದ ಊದಿಸುತ್ತದೆ. ಆ ನೀರೂ ರಾತ್ರಿಯೇ ಹೊರಡುತ್ತದೆ. ಎನಾಲಪ್ರಿಲ್ ಒಣಕೆಮ್ಮು ತಂದರೆ ಹೆಂಗಸರಿಗೆ ಪ್ರತಿ ಕೆಮ್ಮಿಗೂ ಹನಿ ಜಾರಬಹುದು. ಸಕ್ಕರೆ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕುವುದರಿಂದ ಮೂತ್ರವೂ ಹೆಚ್ಚುತ್ತದೆ.

ಮಳೆಗಾಲದ ನೆಗಡಿಗುಳಿಗೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಅದರಲ್ಲಿ ಸಾಮಾನ್ಯವಾಗಿರುವ ಕ್ಲೋರ್ಫೆನಿರಮಿನ್ ಮೂತ್ರಕೋಶದ ಸ್ನಾಯುವನ್ನು ದುರ್ಬಲಗೊಳಿಸುತ್ತದೆ, ಫಿನೈಲೆಫ್ರಿನ್ ಅದರ ಬಾಯನ್ನು ಬಿಗಿಗೊಳಿಸುತ್ತದೆ. ಪ್ರಾಸ್ಟೇಟ್ ಬೆಳೆದಿರುವ ಹಿರಿಯರು ಇದನ್ನು ನುಂಗಿದರೆ ಮೂತ್ರ ಪೂರ್ತಿ ಕಟ್ಟಿಕೊಂಡು, ನಳಿಕೆ ಹಾಕಿಸಲು ಆಸ್ಪತ್ರೆಗೆ ಓಡಬೇಕಾಗಬಹುದು. ಗುಳಿಗೆ ಕೊಡುವ ಮೊದಲು ‘ಯಾರಿಗೆ? ವಯಸ್ಸೆಷ್ಟು? ಮೂತ್ರ ಸಲೀಸಾಗಿ ಹೋಗುತ್ತದೆಯೇ?’ ಎಂದು ಫಾರ್ಮಸಿಸ್ಟರು ಕೇಳಿದರೆ ಈ ಸಂಕಟ ತಪ್ಪೀತು.

ಫಾರ್ಮಸಿಸ್ಟರು ಏನು ಮಾಡಬಲ್ಲರು?

ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ, ಕಷಾಯ ಲೇಹ್ಯಗಳನ್ನೂ ಬಿಡದೆ, ಒಂದು ಚೀಲದಲ್ಲಿ ತಂದು ತೋರಿಸಿದರೆ ಬಾಧೆ ಹೆಚ್ಚಿಸುವುದು ಯಾವುದೆಂದು ಅವರು ಗುರುತಿಸಬಲ್ಲರು. ನೀರಿಳಿಸುವ ಗುಳಿಗೆಯನ್ನು ಬೆಳಗಿನ ಹೊತ್ತಿಗೆ ಬದಲಿಸಬಹುದೇ ಎಂದು ವೈದ್ಯರಲ್ಲಿ ಕೇಳಲು ತಿಳಿಸಬಲ್ಲರು. ಪ್ರಾಸ್ಟೇಟ್‌ಗಾಗಿ ಟಾಮ್ಸುಲೋಸಿನ್ ಸೇವಿಸುವವರು ಥಟ್ಟನೆ ಎದ್ದರೆ ತಲೆ ಸುತ್ತುತ್ತದೆಂದೂ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲು ಆ ಗುಳಿಗೆಯ ಸಂಗತಿಯನ್ನು ನೇತ್ರವೈದ್ಯರಿಗೆ ತಿಳಿಸಲೇಬೇಕೆಂದೂ ಎಚ್ಚರಿಸಬಲ್ಲರು. ಅವಸರದ ಮೂತ್ರಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಬಾಯಿ ಒಣಗಿಸಿ, ಮಲಬದ್ಧತೆ ತಂದು, ಕೆಲವು ವೃದ್ಧರಲ್ಲಿ ಮರೆವು, ಗಲಿಬಿಲಿಗಳನ್ನೂ ಉಂಟುಮಾಡುತ್ತದೆ. ಅಜ್ಜನಿಗೆ ಅರಳುಮರಳು ಎಂದುಕೊಳ್ಳುವ ಮೊದಲು ಈ ಗುಳಿಗೆಯನ್ನು ನೆನೆಯಬೇಕು. ಇಷ್ಟಾದರೂ, ವೈದ್ಯರನ್ನು ಕೇಳದೆ ಯಾವ ಗುಳಿಗೆಯನ್ನೂ ತಾವಾಗಿಯೇ ನಿಲ್ಲಿಸಬಾರದು.

ಗುಳಿಗೆಯಿಲ್ಲದ ಉಪಾಯಗಳೂ ಇವೆ. ಮೂರು ದಿನ, ಎಷ್ಟು ಹೊತ್ತಿಗೆ ಎಷ್ಟು ಕುಡಿದರು, ಎಷ್ಟು ಬಾರಿ ಹೋದರು ಎಂಬುದನ್ನು ಬರೆದಿಟ್ಟರೆ ವೈದ್ಯರಿಗೆ ಅದು ದೊಡ್ಡ ನೆರವು. ನೀರನ್ನು ಬಿಡಬಾರದು; ಮೂತ್ರ ಗಟ್ಟಿಯಾದರೆ ಉರಿಯೂ ಅವಸರವೂ ಹೆಚ್ಚುತ್ತವೆ. ಹಗಲು ಸಾಕಷ್ಟು ಕುಡಿದು, ಮಲಗುವ ಎರಡು ಮೂರು ತಾಸು ಮೊದಲು ಕಡಿಮೆ ಮಾಡಬೇಕು. ಸಂಜೆಯ ಕಾಫಿ ಚಹಾ ಬಿಡುವುದು ಒಳಿತು. ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚುರಪಡಿಸಿದರು. ಇದನ್ನು ನಿತ್ಯವೂ ಮೂರು ತಿಂಗಳಾದರೂ ಮಾಡಿದರೆ ಅನೇಕ ಹೆಂಗಸರಿಗೆ ಗುಣ ಕಾಣುತ್ತದೆ.

ಮೂತ್ರದಲ್ಲಿ ರಕ್ತ, ಚಳಿಜ್ವರ, ಮೂತ್ರ ಪೂರ್ತಿ ನಿಲ್ಲುವುದು, ಹಠಾತ್ತನೆ ಗಲಿಬಿಲಿ, ಕಾಲಿನ ಬಲ ಕುಂದುವುದು, ಇವುಗಳಲ್ಲಿ ಯಾವುದು ಕಂಡರೂ ಅಂಗಡಿಯಲ್ಲಿ ನಿಲ್ಲದೆ ವೈದ್ಯರ ಬಳಿಗೆ ಧಾವಿಸಬೇಕು. ಇಂಗ್ಲೆಂಡಿನಲ್ಲಿ 2024ರ ಜನವರಿಯಿಂದ ಹೆಂಗಸರ ಸಾಮಾನ್ಯ ಮೂತ್ರಸೋಂಕಿಗೆ ಫಾರ್ಮಸಿಸ್ಟರೇ ಔಷಧಿ ಕೊಡುವ ವ್ಯವಸ್ಥೆ ಬಂದಿದೆ. ಅದು ಕೂಡ 16ರಿಂದ 64 ವರ್ಷದವರಿಗೆ ಮಾತ್ರ. ಅಲ್ಲಿಯೂ ಅದಕ್ಕಿಂತ ಹಿರಿಯರನ್ನು ವೈದ್ಯರ ಪಾಲಿಗೇ ಬಿಟ್ಟಿದ್ದಾರೆ. ಉರಿಯೆಂದೊಡನೆ ಅಂಗಡಿಯಲ್ಲಿ ಪ್ರತಿಜೀವಕದ ನಾಲ್ಕು ಗುಳಿಗೆ ಕೇಳುವ ನಮ್ಮವರು ಇದನ್ನು ಗಮನಿಸಬೇಕು.

ಕೇಳುವ ಹಕ್ಕು

ನಮ್ಮ ದೇಶದಲ್ಲಿಯೂ ಫಾರ್ಮಸಿಸ್ಟರು ಕೇವಲ ಮಾರಾಟಗಾರರಲ್ಲ. ವೈದ್ಯರ ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟರೇ ವಿತರಿಸಬೇಕೆಂಬುದು 1948ರ ಫಾರ್ಮಸಿ ಕಾಯಿದೆಯ ಆಶಯ. 2015ರ ನಿಯಮಾವಳಿ ರೋಗಿಗೆ ಔಷಧಿಯ ಬಗ್ಗೆ ತಿಳಿವಳಿಕೆ ಕೊಡುವುದನ್ನೂ ಅವರ ಕರ್ತವ್ಯವೆಂದಿದೆ. ಸುತ್ತೂರು ಶ್ರೀಮಠದ ಆಶ್ರಯದ ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು, ರೋಗಿಯ ಬಳಿಯೇ ನಿಂತು ಕಲಿಯುವ ಔಷಧ ಶಿಕ್ಷಣವನ್ನು 1990ರ ದಶಕದಲ್ಲಿಯೇ ಕೈಗೊಂಡ ಸಂಸ್ಥೆಗಳಲ್ಲಿ ಒಂದು. 2008ರಲ್ಲಿ ದೇಶದಲ್ಲಿ ಆರು ವರ್ಷಗಳ ಫಾರ್ಮ್.ಡಿ. ವ್ಯಾಸಂಗವೂ ಬಂದಿತು. ಇಷ್ಟು ವಿದ್ಯೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಸುಮ್ಮನೆ ಕುಳಿತಿರಲು ನಾವು ಪ್ರಶ್ನೆ ಕೇಳದಿರುವುದೂ ಒಂದು ಕಾರಣ.

ಮಾನ್ಯ ಓದುಗರು ಮನೆಯ ಹಿರಿಯರನ್ನು ಈ ವಿಷಯವಾಗಿ ಏಕಾಂತದಲ್ಲಿ, ಗೌರವದಿಂದ ವಿಚಾರಿಸಬೇಕು. ಹಾಸಿಗೆಯಿಂದ ಶೌಚಾಲಯದವರೆಗೆ ಒಂದು ದೀಪ, ಹಿಡಿದುಕೊಳ್ಳಲು ಒಂದು ಕಂಬಿ, ಮಳೆಗಾಲದ ರಾತ್ರಿಗೆ ಹಾಸಿಗೆಯ ಬಳಿ ಒಂದು ಪಾತ್ರೆ ಇಡಬೇಕು. ಅಂಗಡಿಗೆ ಕಿರಿಯರೇ ಹೋಗುವುದಾದರೆ ಚೀಟಿಯೊಂದಿಗೆ ಔಷಧಿಯ ಚೀಲವನ್ನೂ ಒಯ್ದು, ಜನ ಕಡಿಮೆಯಿರುವ ಮಧ್ಯಾಹ್ನದ ವೇಳೆಯಲ್ಲಿ ಫಾರ್ಮಸಿಸ್ಟರೊಡನೆ ಹತ್ತು ನಿಮಿಷ ಮಾತನಾಡಲಿ. ಹಿರಿಯರು ತಾವಾಗಿ ಹೇಳಲಾರದ ಮಾತನ್ನು ಮನೆಯವರು ಅವರ ಪರವಾಗಿ ಕೇಳಲಿ.